ಕಾತ್ರಜ್ ಸುರಂಗದ ಹತ್ತಿರ ನಿಂತ ಚುಕ್ಕಿ

ಪುಣೆ, 14 ಜುಲೈ 2024, ಭಾನುವಾರ

ಬೆಳಿಗ್ಗೆ ಆರೂವರೆಗೆ ತಮ್ಮ ಧಾರವಾಡಕ್ಕೆ ಹೊರಟ. ಮಳೆ ಜೋರಾಗಿತ್ತು. ಕಾರು ಗೇಟು ದಾಟಿದ ಕೂಡಲೇ ನಾನು ಲ್ಯಾಪ್‌ಟಾಪ್ ತೆರೆದು ಕೂತೆ. ಅವ್ವ ಚಹಾದ ಲೋಟ ಹಿಡಿದು ಪಕ್ಕಕ್ಕೆ ಬಂದಳು.

ತಮ್ಮನೂ ನಾನೂ ಇಬ್ಬರೂ ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೋದವರು. ಅವನ ಕಾರಿನಲ್ಲಿರುವ ಟ್ರ್ಯಾಕರ್ ಎರಡು ನಿಮಿಷಕ್ಕೊಮ್ಮೆ ತಾನೆಲ್ಲಿದ್ದೇನೆ ಅಂತ ರೇಡಿಯೋದಲ್ಲಿ ಹೇಳುತ್ತಾ ಹೋಗುತ್ತದೆ. ಇದಕ್ಕೆ ಎಪಿಆರ್‌ಎಸ್ ಅಂತಾರೆ. ಕಿವಿಗೆ ಕೇಳೋದು ಬರೀ ಒಂದು 'ಕರ್ರ್' ಸದ್ದು, ಒಂದು ಸೆಕೆಂಡೂ ಇರಲ್ಲ. ಅಷ್ಟರಲ್ಲೇ 1200 ಮತ್ತು 2200 ಹರ್ಟ್ಜ್‌ನ ಎರಡು ಸ್ವರಗಳಲ್ಲಿ ಕಾಲ್‌ಸೈನ್ (ರೇಡಿಯೋದಲ್ಲಿ ನಮ್ಮ ಗುರುತಿನ ಹೆಸರು), ಅಕ್ಷಾಂಶ, ರೇಖಾಂಶ, ವೇಗ ಎಲ್ಲ ಬಂದುಬಿಡುತ್ತದೆ. ಧಾಯರಿಯ ನಮ್ಮ ತಾರಸಿಯ ಮೇಲಿನ ಆಂಟೆನಾ ಅದನ್ನು ಹಿಡಿಯುತ್ತದೆ, ಕೆಳಗಿನ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬಿಡಿಸಿ ಓದಿ ಇಂಟರ್ನೆಟ್ಟಿಗೆ ದಾಟಿಸುತ್ತದೆ, ಅಲ್ಲಿನ ನಕ್ಷೆಯಲ್ಲಿ ಅದು ಚುಕ್ಕಿಯಾಗಿ ಕಾಣುತ್ತದೆ. ಇಂಥ ಗೇಟ್‌ವೇಗೆ ನಮ್ಮವರು ಐಗೇಟ್ ಅನ್ನುತ್ತಾರೆ. ಅವನ ಕಾಲ್‌ಸೈನ್ ಕೊನೆಗೆ -9, ಅಂದರೆ ವಾಹನ. ನನ್ನದಕ್ಕೆ -10, ಅಂದರೆ ಐಗೇಟ್.

ಇದನ್ನು ಹಚ್ಚಿದ ಮೊದಲ ವಾರ ನನ್ನ ಐಗೇಟ್ ನಕ್ಷೆಯಲ್ಲಿ ಪುಣೆಯ ಉತ್ತರದ ಚಾಕಣ್ ಹತ್ತಿರ ಕಾಣಿಸುತ್ತಿತ್ತು. ಮನೆಯ ಅಕ್ಷಾಂಶ 18.46 ಡಿಗ್ರಿ. ಎಪಿಆರ್‌ಎಸ್ ಕೇಳೋದು ಡಿಗ್ರಿ ಮತ್ತು ನಿಮಿಷ, ಹಾಗಾಗಿ 18 ಡಿಗ್ರಿ 27.60 ನಿಮಿಷ, ಅಂದರೆ 1827.60 ಅಂತ ಬರೆಯಬೇಕು. ನಾನು 1846.00 ಅಂತ ಬರೆದಿದ್ದೆ. ರೇಖಾಂಶದಲ್ಲಿ ಇದೇ ತಪ್ಪು ಮಾಡಿದಾಗ 81 ನಿಮಿಷ ಆಯಿತು. 60ಕ್ಕಿಂತ ಜಾಸ್ತಿ ನಿಮಿಷ ಎಲ್ಲಿಂದ ಬರಬೇಕು? ಅಲ್ಲೇ ತಿದ್ದಿದೆ. 46 ಮಾತ್ರ ಸರಿಯಾದ ಸಂಖ್ಯೆಯ ಹಾಗೇ ಕೂತಿತ್ತು, ಕಣ್ಣಿಗೆ ಬೀಳಲೇ ಇಲ್ಲ. ಸುಮಾರು 34 ಕಿಲೋಮೀಟರ್ ತಪ್ಪು. ಆಮೇಲಿಂದ ಯಾವ ಚುಕ್ಕಿಯನ್ನೂ ಸುಮ್ನೆ ನಂಬಲ್ಲ.

ಇವತ್ತು ತಮ್ಮನ ಕಾರು ನವಲೆ ಸೇತುವೆ ದಾಟಿತು, ಚುಕ್ಕಿ ಬಂತು. ಕಾತ್ರಜ್ ಹೊಸ ಸುರಂಗದ ಬಾಯಿಗೆ ಬಂತು, ಅಲ್ಲೂ ಬಂತು. ಆಮೇಲೆ ಅಲ್ಲೇ ನಿಂತಿತು.

"ಗಾಡಿ ಕೆಟ್ಟೈತೇನು?" ಅವ್ವ ಕೇಳಿದಳು.

"ಇಲ್ಲವ್ವಾ, ಗುಡ್ಡ ಅಡ್ಡ ಬಂತು."

"ಮತ್ತ ಯಾಕ ಅಲ್ಲೇ ನಿಂತೈತಿ?"

ಚುಕ್ಕಿಯ ಪಕ್ಕದ ಸಮಯ ತೋರಿಸಿದೆ. ಕೊನೆಗೆ ಕೇಳಿಸಿ ಹದಿನಾಲ್ಕು ನಿಮಿಷ ಆಗಿತ್ತು. ನಕ್ಷೆ ತೋರಿಸೋದು ಕಾರು ಈಗ ಎಲ್ಲಿದೆ ಅಂತಲ್ಲ, ನಾವು ಅದನ್ನು ಕೊನೆಗೆ ಎಲ್ಲಿ ಕೇಳಿದೆವು ಅಂತ. ಸುರಂಗದಾಚೆ ಟ್ರ್ಯಾಕರ್ ಮಾತಾಡುತ್ತಲೇ ಇತ್ತು, ಕೇಳೋ ಕಿವಿ ಇರಲಿಲ್ಲ. ಅವ್ವನಿಗೆ ಸಮಾಧಾನ ಆಗಲಿಲ್ಲ. ಎಂಟೂಮುಕ್ಕಾಲಿಗೆ ತಮ್ಮ ಸಾತಾರಾದಿಂದ ಫೋನ್ ಮಾಡಿ "ಮಿಸಳ್ ತಿನ್ನಾಕತ್ತೀನಿ" ಅಂದ ಮೇಲೇ ಅವಳು ಸ್ನಾನಕ್ಕೆ ಎದ್ದಿದ್ದು.

ಫೋನ್ ಇದ್ದಮೇಲೆ ಇದೆಲ್ಲ ಯಾಕೆ ಅಂತ ಪಕ್ಕದ ಮನೆಯವರು ಕೇಳುತ್ತಾರೆ. ಮೊನ್ನೆ 12ನೇ ತಾರೀಖು ಪಾನ್‌ಶೇತ್ ಅಣೆಕಟ್ಟು ಒಡೆದ ದಿನ. 1961ರಲ್ಲಿ ಇದೇ ಮುಠಾ ನದಿ ಊರೊಳಗೆ ನುಗ್ಗಿತ್ತು. ಅಂಥ ದಿನ ಬಂದರೆ ಫೋನೂ ಹೋಗಬಹುದು, ನನ್ನ ಐಗೇಟ್‌ನ ಇಂಟರ್ನೆಟ್ಟೂ ಹೋಗಬಹುದು. ಆದರೆ ಬ್ಯಾಟರಿ ಇರೋ ರೇಡಿಯೋಗಳು ಒಂದಕ್ಕೊಂದು ಕೇಳಿಸುತ್ತಲೇ ಇರುತ್ತವೆ. ಎಪಿಆರ್‌ಎಸ್ ಕಟ್ಟಿದ ಬಾಬ್ ಬ್ರುನಿಂಗಾ 2022ರಲ್ಲಿ ತೀರಿಕೊಂಡರು. ಇದು ಬರೀ ಗಾಡಿ ಹಿಂಬಾಲಿಸೋ ಸಾಧನ ಅಲ್ಲ, ಸುತ್ತಮುತ್ತ ಏನಾಗುತ್ತಿದೆ ಅಂತ ಎಲ್ಲರಿಗೂ ತಕ್ಷಣ ತಿಳಿಸೋ ದಾರಿ ಅಂತ ಅವರು ಹೇಳುತ್ತಲೇ ಇದ್ದರು. ನನಗೆ ಅದು ಪೂರಾ ಒಪ್ಪಿಗೆ.

ಮಧ್ಯಾಹ್ನ ಖೇಡ್ ಶಿವಾಪುರದ ಹ್ಯಾಮ್ ಗೆಳೆಯರಿಗೆ ಫೋನ್ ಮಾಡಿದೆ. ಅವರ ಮನೆ ಸುರಂಗದಾಚೆ, ಹೆದ್ದಾರಿಗೆ ಹತ್ತಿರ. ಅಲ್ಲೂ ಒಂದು ಐಗೇಟ್ ಇಡೋಣ, ತಾರಸಿಯ ಒಂದು ಮೂಲೆ, ಸ್ವಲ್ಪ ವೈಫೈ ಸಾಕು ಅಂದೆ. "ಬರ್ರಿ, ಊಟಕ್ಕೂ ಇಲ್ಲೇ ಇರ್ರಿ" ಅಂದರು. ಆಂಟೆನಾಗೆ ಬೇಕಾದ ತಾಮ್ರದ ತಂತಿ ಈಗಲೇ ಕತ್ತರಿಸಿಟ್ಟೆ. ನಿಲ್ಲಿಸೋದಕ್ಕೆ 49 ಸೆಂಟಿಮೀಟರ್‌ನದು ಒಂದು, ಕೆಳಗೆ ಚಾಚೋದಕ್ಕೆ ಚೂರು ಉದ್ದದವು ನಾಲ್ಕು. ಬರೋ ಭಾನುವಾರ ಮಳೆ ಬಿಡುವು ಕೊಡಬೇಕು, ಅಷ್ಟೇ.