ಮೆಂಡುಟ್ ಗೋಡೆಯ ಆಮೆ

ಇಂಡೊನೇಷ್ಯಾದ ಜಾವಾಕ್ಕೆ ಹೋದವರೆಲ್ಲ ಮೊದಲು ಬೊರೊಬುದುರ್ ಎಂಬ ಬೃಹತ್ ಬೌದ್ಧ ಸ್ಮಾರಕ ನೋಡುತ್ತಾರೆ. ನಾನು ಅದಕ್ಕೂ ಮೊದಲು ಹೋದದ್ದು ಅಲ್ಲಿಂದ ಸುಮಾರು 3 ಕಿ.ಮೀ. ಪೂರ್ವಕ್ಕಿರುವ ಮೆಂಡುಟ್‌ಗೆ. 9ನೇ ಶತಮಾನದ ಬೌದ್ಧ ಗುಡಿ. ಗರ್ಭಗುಡಿಯಲ್ಲಿ ಕಾಲು ಇಳಿಬಿಟ್ಟು ಕೂತ, 3 ಮೀಟರ್ ಎತ್ತರದ ಬುದ್ಧ. ಆದರೆ ನಾನು ಬಹಳ ಹೊತ್ತು ನಿಂತದ್ದು ಮೆಟ್ಟಿಲ ಪಕ್ಕದ ಗೋಡೆಯೆದುರು.

ಎರಡು ಹಂಸ, ನಡುವೆ ಕೋಲು, ಕೋಲು ಕಚ್ಚಿಕೊಂಡ ಆಮೆ. ಕೆಳಗೆ ಜನ. ಪಂಚತಂತ್ರದ ಅದೇ ಕಥೆ, ಯಾರೂ ವಿವರಿಸಬೇಕಾಗಲಿಲ್ಲ.

ಆಮೆ ಬಾಯಿ ಬಿಟ್ಟು ಬೀಳುವುದು ಎಲ್ಲೆಡೆ ಒಂದೇ. ಏಕೆ ಬಾಯಿ ಬಿಟ್ಟಿತು ಎಂಬುದು ಮಾತ್ರ ಬೇರೆ ಬೇರೆ. ಬುದ್ಧನ ಹಿಂದಿನ ಜನ್ಮಗಳ ಕಥೆಗಳಾದ ಪಾಳಿ ಜಾತಕದಲ್ಲಿ ಕೆಳಗಿನ ಮಕ್ಕಳು ಬೆರಗಿನಿಂದ ಕೂಗುತ್ತಾರೆ, ಆಮೆಗೆ ಉತ್ತರ ಕೊಡುವ ಚಪಲ. ಬೀಳುವುದು ಕಾಶಿಯ ಅರಮನೆಯ ಅಂಗಳಕ್ಕೆ, ಬುದ್ಧಿ ಕಲಿಯುವವನು ಬಾಯಿಬಡುಕ ರಾಜ. ಪಂಚತಂತ್ರದ ಜಾವಾ ರೂಪವಾದ 'ತಂತ್ರಿ ಕಾಮಂದಕ'ದಲ್ಲಿ ಕೆಳಗಿರುವುದು ನರಿಗಳು. ಅವು ಆಮೆಯನ್ನು ಒಣಗಿದ ಸಗಣಿ ಎಂದು ಹಂಗಿಸುತ್ತವೆ. ಸಿಟ್ಟಿನಿಂದ ಬಾಯಿ ತೆರೆದ ಆಮೆ ಅವುಗಳಿಗೇ ಆಹಾರ. ನನಗೆ ಈ ಅವಮಾನಿತ ಆಮೆಯ ಮೇಲೆಯೇ ಕನಿಕರ. ಮೆಂಡುಟ್ ಗೋಡೆಯಲ್ಲಿರುವುದು ಮನುಷ್ಯರು, ನರಿಗಳಲ್ಲ. ಈ ಒಂದೇ ದ್ವೀಪಕ್ಕೆ ಕಥೆ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಬಂದಿರಬೇಕು.

ಯೋಗ್ಯಕರ್ತಾ ದಾಟಿ ಪ್ರಂಬಾನನ್ ಬಳಿಯ ಸೋಜಿವಾನ್ ಗುಡಿಗೆ ಹೋದರೆ ಅಲ್ಲಿ ಮೊಸಳೆಯ ಬೆನ್ನೇರಿದ ಮಂಗ. ಗುಂಡಿಗೆಯನ್ನು ಮರದ ಮೇಲೆ ಬಿಟ್ಟು ಬಂದೆ ಎಂದು ಪಾರಾದ ಅದೇ ಮಂಗ. ಕೊರಿಯಾ ತಲುಪುವ ಹೊತ್ತಿಗೆ ಅದು ಮೊಲವಾಗಿದೆ, ಗುಂಡಿಗೆಯ ಜಾಗದಲ್ಲಿ ಯಕೃತ್ತು, ಅದನ್ನು ಬೇಡುವವನು ಸಮುದ್ರದಾಳದ ನಾಗರಾಜ. ಪಾತ್ರಗಳೆಲ್ಲ ಬದಲಾದರೂ ಆ ಸುಳ್ಳು ಹಾಗೇ ಉಳಿದಿದೆ. ಇಷ್ಟು ಒಳ್ಳೆಯ ಸುಳ್ಳನ್ನು ಯಾವ ಕಥೆಗಾರ ತಾನೇ ಕೈಬಿಟ್ಟಾನು!

ಹೇಳುವವರೂ ಬದಲಾಗುತ್ತಾರೆ. ಪಂಚತಂತ್ರದಲ್ಲಿ ವಿಷ್ಣುಶರ್ಮ ರಾಜಕುಮಾರರಿಗೆ ಕಥೆ ಹೇಳುತ್ತಾನೆ. ಜಾವಾದಲ್ಲಿ ದಿನಕ್ಕೊಬ್ಬಳನ್ನು ಮದುವೆಯಾಗುವ ರಾಜನಿಗೆ ಮಂತ್ರಿಯ ಮಗಳು ತಂತ್ರಿ ಕಥೆ ಹೇಳುತ್ತಾಳೆ, ಅರೇಬಿಯನ್ ನೈಟ್ಸ್‌ನ ಶಹರಜಾದೆಯಂತೆ.

ಈ ತಂತ್ರಿಗೂ ಕನ್ನಡಕ್ಕೂ ನಂಟಿದೆ. 11ನೇ ಶತಮಾನದಲ್ಲಿ ಚಾಲುಕ್ಯರ ಆಸ್ಥಾನದ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದಾಗ ಆಧಾರವಾಗಿಟ್ಟುಕೊಂಡದ್ದು ವಿಷ್ಣುಶರ್ಮನನ್ನಲ್ಲ, ವಸುಭಾಗಭಟ್ಟನನ್ನು. ಜಾವಾದ ತಂತ್ರಿ ಕಥೆಗಳೂ ಅದೇ ಕವಲಿನವು ಎಂದು ವಿದ್ವಾಂಸ ಎ. ವೆಂಕಟಸುಬ್ಬಯ್ಯ ತೋರಿಸಿಕೊಟ್ಟರು. ವಸುಭಾಗನ ಸಂಸ್ಕೃತ ಮೂಲ ಈಗ ಉಳಿದಿಲ್ಲ. ಅದು ಹೇಗಿತ್ತೆಂದು ತಿಳಿಯಬೇಕಾದವರು ದುರ್ಗಸಿಂಹನನ್ನೂ ಜಾವಾದ ತಂತ್ರಿಯನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡೇ ಓದಬೇಕು.