ಮುರುಗಲು ಸಿಪ್ಪೆಯ ಬಣ್ಣ ಉಳಿಸುವ ಕೆಲಸ: ಮೂರನೇ ವಾರ

ಮೇ ಕೊನೆ. ಶಿರಸಿಯಲ್ಲಿ ಮಧ್ಯಾಹ್ನವಾದರೆ ಸಾಕು, ಮೋಡ. ಅಂಗಳದ ಚಾಪೆ ಮೇಲೆ ಹರವಿದ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆಯನ್ನು ಈ ವಾರ ಮೂರು ಸಲ ಓಡಿ ಬಂದು ಒಳಗೆ ತಂದೆ. ಆದರೂ ಒಂದು ಪಾಲಿಗೆ ಬೂಷ್ಟು ಬಂತು, ಎಸೆದೆ. ತುಂಬಾ ಬೇಜಾರಾಯಿತು.

ಉಳಿದದ್ದು ಎರಡು ಪಾಲು. ಒಂದು ಬಿಸಿಲಲ್ಲಿ ಒಣಗಿದ್ದು, ಇನ್ನೊಂದು ಒಲೆ ಮೇಲಿನ ಅಟ್ಟದಲ್ಲಿ. ನಿನ್ನೆ ಎರಡರಿಂದಲೂ 10 ಗ್ರಾಂ ತೆಗೆದು, ಒಂದೊಂದು ಲೋಟ ತಣ್ಣೀರಲ್ಲಿ ನೆನೆಸಿದೆ. ಅರ್ಧ ಗಂಟೆಯಲ್ಲಿ ಬಿಸಿಲಿನ ಸಿಪ್ಪೆಯ ನೀರು ಕಡುಗೆಂಪಾಯಿತು. ಅಟ್ಟದ್ದು ಕಂದು. ಹುಳಿ ಮಾತ್ರ ನಾಲಿಗೆಗೆ ಎರಡೂ ಒಂದೇ.

ಕೆಂಪು ಬರುವುದು ಆಂಥೋಸಯಾನಿನ್ ಎಂಬ ಬಣ್ಣದ ವಸ್ತುವಿನಿಂದ. ಅದು ನೀರಲ್ಲಿ ಕರಗುತ್ತದೆ, ಬಿಸಿ ತಾಗಿದಷ್ಟೂ ಒಡೆಯುತ್ತದೆ. "ಕುದ್ಸಡ, ಬಣ್ಣ ಹೋಗ್ತು" ಅಂತ ಆಯಿ ಮೊದಲಿಂದ ಹೇಳುವುದು ಇದನ್ನೇ. ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಈ ಹುಳಿ ಇದ್ದರೇ ಕೆಂಪು ಕೆಂಪಾಗಿ ಇರುತ್ತದೆ. ನೋಡೋಣ ಅಂತ ಎರಡು ಚಮಚ ರಸಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದೆ. ನೊರೆ ಉಕ್ಕಿತು, ಕೆಂಪು ನೇರಳೆಯಾಯಿತು, ಇನ್ನೊಂದು ಚಿಟಿಕೆಗೆ ಮಾಸಲು ನೀಲಿ. ತಕ್ಷಣ ನಿಂಬೆ ಹಿಂಡಿದೆ. ಬಟ್ಟಲ ಅಂಚಿನಿಂದ ಕೆಂಪು ಮೆಲ್ಲಗೆ ವಾಪಸ್ ಹರಡಿತು! ಬೆಟ್ಟದ ಬಿಳಿ ಮುರುಗಲಿನ ರಸಕ್ಕೂ ಸೋಡಾ ಹಾಕಿದೆ. ಅದಕ್ಕೆ ನೇರಳೆ ಬರಲೇ ಇಲ್ಲ. ಹುಳಿ ಮಾತ್ರ ಹಲ್ಲು ಚುಳ್ಳೆನ್ನುವಷ್ಟಿತ್ತು.

ಮುರುಗಲು ಔಷಧಿಗೂ ಆಗುತ್ತದಾ ಅಂತ ಕೇಳಿದವರಿಗೆ: ನಮ್ಮಲ್ಲಿ ಪಿತ್ತಕ್ಕೆ ಜೀರಿಗೆ ಹಾಕಿದ ಪಾನಕ ಕುಡಿಯುತ್ತೇವೆ, ಬೇಸಿಗೆಗೆ ಅದು ತಂಪು. ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಹಳದಿ ವಸ್ತುವೂ ಇದೆ. ಪ್ರಯೋಗಾಲಯದಲ್ಲಿ ಅದಕ್ಕೆ ಉರಿಯೂತ ತಗ್ಗಿಸುವ ಗುಣ ಕಂಡಿದೆ. ಆದರೆ ಪಾತ್ರೆಯಲ್ಲಿನ ಜೀವಕೋಶ ಬೇರೆ, ಮನುಷ್ಯನ ಮೈ ಬೇರೆ, ಅಲ್ವಾ? ಹೈಡ್ರಾಕ್ಸಿಸಿಟ್ರಿಕ್ ಆಮ್ಲ ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ. ಅದನ್ನೇ ಹಿಡಿದು ಮುರುಗಲಿನದೇ ಜಾತಿಯ ಇನ್ನೊಂದು ಹುಳಿ ಹಣ್ಣು ಉಪ್ಪಾಗೆಯಿಂದ ತೂಕ ಇಳಿಸುವ ಮಾತ್ರೆ ಮಾಡಿದರು. ಅಂಥ ಮಾತ್ರೆ ತಿಂದವರಲ್ಲಿ ಕೆಲವರ ಲಿವರ್ ಕೆಟ್ಟಿದ್ದು ವರದಿಯಾಗಿದೆ. ಸುಮ್ನೆ ಪಾನಕ ಕುಡಿಯಿರಿ, ಮಾತ್ರೆಯ ಸಹವಾಸ ಬೇಡ.

ಬೀಜ ತೊಳೆದು ಒಣಗಲು ಇಟ್ಟಿದ್ದೇನೆ. ಅದರಿಂದ ತೆಗೆಯುವ ಎಣ್ಣೆ (ನಾವು ತುಪ್ಪ ಅನ್ನುತ್ತೇವೆ) ಕರಗಲು ಸುಮಾರು 40 ಡಿಗ್ರಿ ಬೇಕು, ಹಾಗಾಗಿ ಡಬ್ಬದಲ್ಲಿ ಗಟ್ಟಿಯಾಗೇ ಇರುತ್ತದೆ. ಒಡೆದ ಹಿಮ್ಮಡಿಗೆ ಮನೆಯಲ್ಲಿ ಅದೇ.

ಈಗ ಹೊಸದೊಂದು ಪಾಲು ಶುರು ಮಾಡಿದ್ದೇನೆ. ಹಣ್ಣಿನ ರಸದಲ್ಲೇ ಸಿಪ್ಪೆ ಅದ್ದಿ ಒಣಗಿಸುವ ಹಳೇ ಕ್ರಮ. ಎರಡು ಸಲ ಅದ್ದಿದ್ದಾಯಿತು, ಸಿಪ್ಪೆ ಕಪ್ಪುಗೆಂಪಾಗಿ ಹೊಳೆಯುತ್ತಿದೆ. ನಾಳೆ ಬಿಸಿಲು ಬಿದ್ದರೆ ಮೂರನೇ ಸಲ.