ಕೇಕಿಗೆ ಗಜ್ಜರಿ ತುರಿದ ದಿನ

12 ಜನವರಿ 2025, ಭಾನುವಾರ
ಬೆಂಗಳೂರು

ನಾಡಿದ್ದು ಸಂಕ್ರಾಂತಿ. ತಂಗಿ ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. "ಎಳ್ಳು ಬೆಲ್ಲ ಹೆಂಗೂ ಇರ್ತದ, ಕ್ಯಾರೆಟ್ ಕೇಕ್ ಮಾಡಿಡು ಅಕ್ಕ" ಅಂತ ಫೋನಿನಲ್ಲಿ ಹೇಳಿದ್ದಳು. ಈ ಕೇಕ್ ಒಂದು ದಿನ ಕಳೆದ ಮೇಲೇ ರುಚಿ ಜಾಸ್ತಿ. ಅದಕ್ಕೇ ಇವತ್ತೇ ಮಾಡಿ ಮುಗಿಸಿದೆ.

ಹಾಪ್‌ಕಾಮ್ಸ್‌ನಲ್ಲಿ ಎರಡು ಬಗೆ ಇದ್ದವು. ಕಿತ್ತಳೆ ಬಣ್ಣದ ಊಟಿ ಕ್ಯಾರೆಟ್, ಪಕ್ಕದಲ್ಲಿ ಉದ್ದುದ್ದ ಕೆಂಪು ದಿಲ್ಲಿ ಕ್ಯಾರೆಟ್. ದಿಲ್ಲಿಯದ್ದು ಹಲ್ವಕ್ಕೆ ಚೆಂದ. ಹಾಲಿನಲ್ಲಿ ಬೇಯುತ್ತಾ ಬೇಯುತ್ತಾ ಅದರ ನೀರೆಲ್ಲ ಇಂಗುತ್ತದೆ. ಕೇಕಿನಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಊಟಿಯದ್ದನ್ನೇ ತಂದೆ. ತೀರಾ ದಪ್ಪನೆಯದು ಬೇಡ ಅಂತ ಆರಿಸಿ ಆರಿಸಿ ನಾಲ್ಕು ತೆಗೆದುಕೊಂಡೆ. ದಪ್ಪ ಕ್ಯಾರೆಟ್ಟಿನ ನಡುವಿನ ದಿಂಡು ಕಟ್ಟಿಗೆಯ ಹಾಗೆ ಇರುತ್ತದೆ, ತುರಿದರೂ ಬಾಯಿಗೆ ಸಿಗುತ್ತದೆ.

ಹೋದ ತಿಂಗಳು ಮಾಡಿದ ಕೇಕ್ ಕೆಟ್ಟಿತ್ತು. ಬೆಳಿಗ್ಗೆ ಕೆಲಸ ಹಗುರಾಗಲಿ ಅಂತ ರಾತ್ರಿಯೇ ತುರಿದು, ಸಕ್ಕರೆ ಕಲಸಿ ಫ್ರಿಜ್‌ನಲ್ಲಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬಟ್ಟಲಿನ ತಳದಲ್ಲಿ ಕಿತ್ತಳೆ ಬಣ್ಣದ ನೀರು. 100 ಗ್ರಾಂ ಕ್ಯಾರೆಟ್ಟಿನಲ್ಲಿ ಸುಮಾರು 88 ಗ್ರಾಂ ನೀರೇ. ಸಕ್ಕರೆ ಅದನ್ನು ಹೊರಗೆ ಎಳೆಯುತ್ತದೆ. ಕೋಸಂಬರಿಗೆ ಉಪ್ಪು ಮೊದಲೇ ಹಾಕಿದರೆ ನೀರು ಬಿಡುತ್ತದಲ್ವಾ, ಹಾಗೆ. ಆ ನೀರನ್ನೂ ಹಾಗೇ ಹಿಟ್ಟಿಗೆ ಸುರಿದೆ. ಅದೂ ಸಾಲದು ಅಂತ ತುರಿಯನ್ನು ಕಪ್ಪಿಗೆ ಒತ್ತಿ ಒತ್ತಿ ತುಂಬಿ ಅಳೆದಿದ್ದೆ. ಕೇಕಿನ ನಡುಭಾಗ ಕುಸಿದು ಹಸಿಹಸಿಯಾಗಿ ಉಳಿಯಿತು. ಬಹಳ ಬೇಜಾರಾಗಿತ್ತು. ಆವತ್ತೇ ಅಂದುಕೊಂಡೆ, ಇನ್ನು ಮೇಲೆ ಕಪ್ಪಿನ ಸಹವಾಸ ಬೇಡ, ತಕ್ಕಡಿಯೇ ಸರಿ.

ಇವತ್ತು ನಾಲ್ಕೂ ಸೇರಿ 310 ಗ್ರಾಂ ಇದ್ದವು. ತೊಳೆದು, ಬಟ್ಟೆಯಲ್ಲಿ ಒರೆಸಿ, ಸಿಪ್ಪೆ ತೆಳ್ಳಗೆ ಹೆರೆದು, ಎರಡೂ ತುದಿ ಕತ್ತರಿಸಿದೆ. ಮಣೆಯ ಸಣ್ಣ ತೂತಿನ ಕಡೆಗೆ ಹಿಡಿದು ತುರಿದೆ. ದೊಡ್ಡ ತೂತಿನ ಎಳೆಗಳು ಕೇಕ್ ಕೊಯ್ಯುವಾಗ ಚಾಕುವಿಗೆ ಸಿಕ್ಕಿ ಎಳೆದುಕೊಂಡು ಬರುತ್ತವೆ. ಸಣ್ಣ ತುರಿ ಹಿಟ್ಟಿನಲ್ಲೇ ಮೆತ್ತಗಾಗಿ ಕರಗಿದ ಹಾಗಾಗುತ್ತದೆ. ಮಿಕ್ಸಿಗೆ ಹಾಕಿದರೆ ಒಂದು ಕಡೆ ಗೊಜ್ಜು, ಇನ್ನೊಂದು ಕಡೆ ತುಂಡು. ಕೈಯಿಂದ ತುರಿಯಲು ಹತ್ತು ನಿಮಿಷ ಬೇಕಾಯಿತು, ಅಷ್ಟೇ. ಕೊನೆಯ ಬೆರಳುದ್ದದ ತುಂಡುಗಳನ್ನು ಹಾಗೇ ಬಿಟ್ಟೆ, ಬೆರಳು ಕೊಯ್ದುಕೊಳ್ಳುವುದು ಅಲ್ಲೇ. ತೂಗಿದಾಗ ತುರಿ ಸರಿಯಾಗಿ 225 ಗ್ರಾಂ. ಅಂಗೈಯೆಲ್ಲ ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿತ್ತು. ಕೊಬ್ಬರಿ ಎಣ್ಣೆ ತಿಕ್ಕಿದ ಮೇಲೆ ಹೋಯಿತು.

ಹೋದ ಸಲದ ಭಯಕ್ಕೆ ಪಂಚೆ ಬಟ್ಟೆಯಲ್ಲಿ ತುರಿಯನ್ನು ಹಿಂಡಲು ಹೊರಟೆ. ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಾ ಕುಳಿತಿದ್ದ ಅವ್ವ ಅಲ್ಲಿಂದಲೇ ಕೂಗಿದಳು.

"ಹಿಂಡಬ್ಯಾಡ ಯವ್ವಾ, ಗಜ್ಜರಿ ಸವಿಯೆಲ್ಲಾ ನೀರಾಗ ಹೋಗ್ತದ."

ಅವ್ವ ಕೇಕ್ ಮಾಡಿದವಳಲ್ಲ. ಆದರೆ ಗಜ್ಜರಿ ಅವಳಿಗೆ ಗೊತ್ತು. ಧಾರವಾಡದ ಕಡೆ ಸಂಕ್ರಾಂತಿ ಅಂದರೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪಕ್ಕದಲ್ಲಿ ಹಸಿ ಗಜ್ಜರಿ ಇರಲೇಬೇಕು. ಅವಳು ಹೇಳಿದ್ದು ನಿಜ. ಈ ಕೇಕಿನ ಮೆತ್ತಗಿನ ಗುಣವೇ ಆ ನೀರಿನದ್ದು. ಅದು ತುರಿಯೊಳಗೇ ಇದ್ದು, ಓವನ್ನಿನಲ್ಲಿ ಬಿಸಿಯಾಗುತ್ತಾ ನಿಧಾನಕ್ಕೆ ಹೊರಬರಬೇಕು. ಮೊದಲೇ ಬಟ್ಟಲಿಗೆ ಇಳಿಯಬಾರದು, ಬಟ್ಟೆಗೂ ಹೋಗಬಾರದು. ಹಿಂಡಲಿಲ್ಲ.

ಮೈದಾ, ಚಕ್ಕೆ ಪುಡಿ, ಬೇಕಿಂಗ್ ಪೌಡರ್, ಚಿಟಿಕೆ ಸೋಡಾ ಎಲ್ಲವನ್ನೂ ಎರಡು ಸಲ ಜರಡಿ ಹಿಡಿದೆ. ಸೋಡಾ ಒಂದೇ ಕಡೆ ಕೂತರೆ ಕ್ಯಾರೆಟ್ ಎಳೆಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಒಮ್ಮೆ ನಮ್ಮನೆಯಲ್ಲೂ ಹಾಗಾಗಿ, ಬೂಸ್ಟು ಹಿಡಿದಿದೆ ಅಂತ ಮಕ್ಕಳು ಮುಟ್ಟಲಿಲ್ಲ. ಬೂಸ್ಟಲ್ಲ ಅದು, ಕ್ಯಾರೆಟ್ಟಿನಲ್ಲಿರುವ ಒಂದು ಅಂಶ ಸೋಡಾದ ಜೊತೆ ಸೇರಿ ಹಾಗಾಗುವುದು. ತಿಂದರೆ ಏನೂ ಆಗುವುದಿಲ್ಲ.

ಮೊಟ್ಟೆ, ಸಕ್ಕರೆ, ಎಣ್ಣೆ ಗೊಟಾಯಿಸಿ, ಹಿಟ್ಟು ಸೇರಿಸಿ, ಎಲ್ಲದರ ಕೊನೆಗೆ ತುರಿ ಹಾಕಿದೆ. ಸೌಟಿನಿಂದ ನಾಲ್ಕೈದು ಸಲ ಮಗುಚಿದ್ದು, ಅಷ್ಟೇ. ತಕ್ಷಣ ಓವನ್ನಿಗೆ. 170 ಡಿಗ್ರಿ, 45 ನಿಮಿಷ. ಕಡ್ಡಿ ಚುಚ್ಚಿ ನೋಡಿದರೆ ಒಣಗಿಯೇ ಬಂತು. ನಡುವೆ ಕುಸಿದಿಲ್ಲ!

ಉಳಿದ ತುಂಡುಗಳನ್ನು ಅವ್ವ ಸಣ್ಣಗೆ ಹೆಚ್ಚಿ, ನೆನೆದ ಹೆಸರುಬೇಳೆಗೆ ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟಳು. ಉಪ್ಪು ಹಾಕಿದ್ದು ನಾವು ಊಟಕ್ಕೆ ಕುಳಿತ ಮೇಲೆ.